ಒಂದೇ ಹಳಿ, ಎರಡು ಮ್ಯೂಸಿಯಂ: ಅರಸಾಳಿನಿಂದ ಮೈಸೂರಿಗೆ ಮಕ್ಕಳ ಜೊತೆ ರೈಲು ನೋಡಲು ಹೋಗುವುದು ಹೇಗೆ?

ಮಕ್ಕಳಿಗೆ ರೈಲು ಮ್ಯೂಸಿಯಂ ತೋರಿಸಬೇಕು ಅನ್ನುವ ಮಲೆನಾಡಿನವರಿಗೆ ಒಂದು ದೊಡ್ಡ ಅನುಕೂಲ ಇದೆ. ತಾಳಗುಪ್ಪದಲ್ಲಿ ಹೊರಟ ಮೈಸೂರು ರೈಲು ಸಾಗರ, ಆನಂದಪುರ ದಾಟಿ ಅರಸಾಳಿನ ಹಳೆಯ ಸ್ಟೇಷನ್ ಮುಂದೆ ಹಾದುಹೋಗುತ್ತದೆ. ಆ ಹಳೆಯ ಸ್ಟೇಷನ್ ಈಗ ಪುಟ್ಟ ಮ್ಯೂಸಿಯಂ ಆಗಿದೆ. ಅದೇ ರೈಲು ಮೈಸೂರಿನಲ್ಲಿ ನಿಲ್ಲುವ ಜಾಗದಿಂದ ಸ್ವಲ್ಪ ನಡೆದರೆ ಇನ್ನೊಂದು ದೊಡ್ಡ ರೈಲು ಮ್ಯೂಸಿಯಂ ಇದೆ. ಎರಡನ್ನೂ ನೋಡಿ. ಆದರೆ ಒಂದೇ ಸಲಕ್ಕೆ ಬೇಡ. ಮೊದಲು ಅರಸಾಳು, ಒಂದೆರಡು ತಿಂಗಳು ಬಿಟ್ಟು ಮೈಸೂರು. ಅರಸಾಳಿನಲ್ಲಿ ಇರುವುದು ಒಂದು ಸ್ಟೇಷನ್ನಿನ ಕಥೆ. ಅದು ಮನಸ್ಸಿನಲ್ಲಿ ಕೂತ ಮೇಲೆ ಮೈಸೂರಿನ ಇಂಜಿನ್‌ಗಳು ಮಕ್ಕಳಿಗೆ ಬರೀ ಕಬ್ಬಿಣವಾಗಿ ಕಾಣುವುದಿಲ್ಲ.

ನಮ್ಮದು ಸಾಗರ. ಎರಡು ಮಕ್ಕಳು, ಮಗಳಿಗೆ ಹತ್ತು, ಮಗನಿಗೆ ಆರು. ಜೊತೆಗೆ ನಮ್ಮ ಅಪ್ಪಯ್ಯ. ನಾವು ಹೋಗಿಬಂದದ್ದರಲ್ಲಿ ಯಾವುದು ಸರಿ ಹೋಯಿತು, ಯಾವುದು ಹೋಗಲಿಲ್ಲ ಅಂತ ನೋಡಿಕೊಂಡೇ ಇದನ್ನು ಬರೆದಿದ್ದೇನೆ.

ಹೊರಡುವ ಮೊದಲು: ಅಂಗಳದಲ್ಲಿ ಹಳಿ ಹಾಕಿ

ಇದನ್ನು ಮಾತ್ರ ತಪ್ಪಿಸಬೇಡಿ. ಮನೆಯಲ್ಲಿ ಅರ್ಧ ಗಂಟೆ ಸಾಕು.

ಬೇಕಾಗಿರುವುದು ಒಂದು ಸೀಮೆಸುಣ್ಣ, ಒಂದು ಅಳತೆ ಟೇಪು. ಅಂಗಳದಲ್ಲೋ ಟೆರೇಸ್ ಮೇಲೋ ಒಂದು ಉದ್ದ ಗೆರೆ ಎಳೆಯಿರಿ. ಅದರಿಂದ 61 ಸೆಂಟಿಮೀಟರ್ ದೂರಕ್ಕೆ ಎರಡನೇ ಗೆರೆ, 1 ಮೀಟರ್ ದೂರಕ್ಕೆ ಮೂರನೇದು, 1 ಮೀಟರ್ 67.6 ಸೆಂಟಿಮೀಟರ್ ದೂರಕ್ಕೆ ನಾಲ್ಕನೇದು. ಎರಡು ಹಳಿಗಳ ನಡುವಿನ ಅಗಲಕ್ಕೆ ಗೇಜ್ ಅನ್ನುತ್ತಾರೆ. ಮೊದಲ ಅಳತೆ ನ್ಯಾರೋ ಗೇಜ್. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನೊಳಗೆ ಓಡುತ್ತಿದ್ದ ಪುಟ್ಟ ರೈಲು ಇಷ್ಟೇ ಅಗಲದ ಹಳಿಯ ಮೇಲಿತ್ತು. ಎರಡನೇದು ಮೀಟರ್ ಗೇಜ್. ನಮ್ಮ ಕಡೆ ಮೊದಲು ಬಂದ ರೈಲು ಇದೇ. ಮೂರನೇದು ಬ್ರಾಡ್ ಗೇಜ್, ಅಂದರೆ ಈಗಿರುವುದು.

ನಾವು ತೆಗೆದುಕೊಂಡದ್ದು ಬಟ್ಟೆ ಹೊಲಿಯುವ ಟೇಪು. ಅದು ಇರುವುದೇ 150 ಸೆಂಟಿಮೀಟರ್. ಬ್ರಾಡ್ ಗೇಜ್ ಅಳೆಯುವಾಗ ಸಾಲಲಿಲ್ಲ. ಮಗಳು ಟೇಪಿನ ತುದಿಯಲ್ಲಿ ಹೆಬ್ಬೆರಳು ಒತ್ತಿ ಹಿಡಿದು, ಉಳಿದ 17.6 ಸೆಂಟಿಮೀಟರನ್ನು ಮತ್ತೆ ಅಳೆದು ಗೆರೆ ಎಳೆದಳು. ಮಗ ಮೀಟರ್ ಗೇಜಿನ ಎರಡು ಗೆರೆಯ ಮೇಲೆ ಕಾಲಿಟ್ಟು ನಿಲ್ಲಲು ನೋಡಿದ, ಆಗಲಿಲ್ಲ. ನ್ಯಾರೋ ಗೇಜಿನ ಮೇಲೆ ಆರಾಮಾಗಿ ನಿಂತ. ಗೇಜ್ ಅಂದರೆ ಏನು ಅಂತ ಆಮೇಲೆ ಯಾರೂ ಅವನಿಗೆ ಹೇಳಿಕೊಡಬೇಕಾಗಲಿಲ್ಲ.

ಒಂದು ಎಚ್ಚರಿಕೆ. ಈ ಅಳೆಯುವ ಆಟ ಅಂಗಳದಲ್ಲಿ ಮಾತ್ರ. ರೈಲು ಓಡಾಡುವ ಹಳಿಯ ಹತ್ತಿರ ಟೇಪು ಹಿಡಿದು ಹೋಗುವುದೇ ಬೇಡ.

ಎರಡನೇ ಕೆಲಸ, ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಮಾತಾಡಿಸಿ. "ನೀವು ಮೊದಲು ರೈಲು ಹತ್ತಿದ್ದು ಯಾವಾಗ? ಎಲ್ಲಿಂದ ಎಲ್ಲಿಗೆ? ಟಿಕೆಟ್ ಹೇಗಿತ್ತು?" ಈ ಮೂರು ಪ್ರಶ್ನೆ ಸಾಕು, ಉತ್ತರ ಮಕ್ಕಳೇ ಬರೆದುಕೊಳ್ಳಲಿ. ನಮ್ಮ ಅಪ್ಪಯ್ಯ ಎರಡು ಬೆರಳ ನಡುವೆ ಒಂದು ಅಳತೆ ಹಿಡಿದು, "ಇಷ್ಟೇ ಇಷ್ಟು, ದಪ್ಪ ರಟ್ಟು. ಕಿಟಕಿ ಒಳಗೆ ಮೆಷಿನ್ನಿಗೆ ಹಾಕಿ ಟಕ್ ಅಂತ ತಾರೀಖು ಒತ್ತಿ ಕೊಡ್ತಿದ್ದ" ಅಂದರು. ಮಕ್ಕಳಿಗೆ ಟಿಕೆಟ್ ಅಂದರೆ ಮೊಬೈಲಿನಲ್ಲಿ ಬರುವ ಮೆಸೇಜು. ರಟ್ಟಿನ ಟಿಕೆಟ್ಟಿನ ಮೇಲೆ ಅವರು ಕೇಳಿದ ಪ್ರಶ್ನೆಗಳು ಆ ರಾತ್ರಿ ಊಟ ಮುಗಿದರೂ ಮುಗಿಯಲಿಲ್ಲ.

ಮೂರನೇದು, ನಮ್ಮೂರಿನ ಇಸವಿಗಳು. ಜಾಸ್ತಿ ಬೇಡ. ಇಂಡಿಯಾದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಮುಂಬೈಯಿಂದ ಠಾಣೆಗೆ ಓಡಿತು, 34 ಕಿಲೋಮೀಟರ್. ಹೆಚ್ಚುಕಡಿಮೆ ಶಿವಮೊಗ್ಗದಿಂದ ಅರಸಾಳಿಗೆ ಇರುವಷ್ಟೇ ದೂರ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಹಳಿ ಕಾಡು ಸೀಳಿಕೊಂಡು ಮುಂದೆ ಬಂದು ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಈ 1899 ಅನ್ನು ಗೋಡೆಯ ಮೇಲೋ ನೋಟ್‌ಬುಕ್ಕಿನಲ್ಲೋ ದೊಡ್ಡದಾಗಿ ಬರೆಸಿಡಿ. ಮೈಸೂರಿನಲ್ಲಿ ಬೇಕಾಗುತ್ತದೆ.

ಅರಸಾಳು: ಅರ್ಧ ದಿನದ ಪ್ರಯಾಣ

ಅರಸಾಳು ಇರುವುದು ಹೊಸನಗರ ತಾಲ್ಲೂಕಿನಲ್ಲಿ. ಇದರ ಹೆಸರು ಹೊರಗಿನವರಿಗೆ ಗೊತ್ತಾದದ್ದು ಟಿವಿಯಿಂದ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಅಂತ ಧಾರಾವಾಹಿ ಮಾಡಿದಾಗ, ಆಗುಂಬೆ ಮಾಲ್ಗುಡಿ ಊರಾಯಿತು, ಅರಸಾಳಿನ ಸ್ಟೇಷನ್ ಮಾಲ್ಗುಡಿ ಸ್ಟೇಷನ್ ಆಯಿತು. ಆಮೇಲೆ ಗೇಜ್ ಬದಲಾಯಿತು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಬಂತು. ಹಳೆಯ ಕಟ್ಟಡ ಕೆಲಸವಿಲ್ಲದೆ ಉಳಿಯಿತು. ರೈಲ್ವೆಯವರು ಅದನ್ನು ರಿಪೇರಿ ಮಾಡಿಸಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಮಾಡಿದರು. ಅದಕ್ಕೆ ರೂಪ ಕೊಟ್ಟವರು ಕಲಾವಿದ ಜಾನ್ ದೇವರಾಜ್.

ಹೋಗುವುದು ಹೇಗೆ? ರಸ್ತೆಯಲ್ಲಾದರೆ ಶಿವಮೊಗ್ಗದಿಂದ ಆಯನೂರು ದಾಟಿ ರಿಪ್ಪನ್‌ಪೇಟೆ ಕಡೆ ಹೋಗುವ ದಾರಿಯಲ್ಲಿ ಸಿಗುತ್ತದೆ. ರೈಲಿನಲ್ಲಾದರೆ ಇನ್ನೂ ಚಂದ. ಆದರೆ ಎಲ್ಲ ರೈಲೂ ಎಲ್ಲ ಸಣ್ಣ ಸ್ಟೇಷನ್ನಿನಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ರೈಲ್ವೆ ವಿಚಾರಣೆಯ 139ಕ್ಕೆ ಫೋನ್ ಮಾಡಿ, ನೀವು ಹತ್ತುವ ರೈಲು ಅರಸಾಳಿನಲ್ಲಿ ನಿಲ್ಲುತ್ತದಾ, ವಾಪಸ್ ರೈಲು ಎಷ್ಟು ಹೊತ್ತಿಗೆ ಅಂತ ಎರಡನ್ನೂ ಕೇಳಿಕೊಳ್ಳಿ. ನಾವು ಮಾಡಿದ್ದು ಹೋಗುವಾಗ ರೈಲು, ಬರುವಾಗ ಬಸ್ಸು. ಮಕ್ಕಳಿಗೆ ರೈಲಿನಲ್ಲಿ ಬಂದಿಳಿದು ಸ್ಟೇಷನ್ ಮ್ಯೂಸಿಯಂ ಒಳಗೆ ಹೋಗುವ ಖುಷಿಯೇ ಬೇರೆ. ಕಾರಿನಿಂದ ಇಳಿದರೆ ಆ ಖುಷಿ ಸಿಗುವುದಿಲ್ಲ.

ಯಾವಾಗ ಹೋಗಬೇಕು? ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಆ ಜಾಗ ಕಣ್ಣಿಗೆ ಹಬ್ಬ, ಒಪ್ಪುತ್ತೇನೆ. ಕಾಡೆಲ್ಲ ಹಸಿರು, ಹಂಚಿನ ಮಾಡಿನಿಂದ ನೀರು ಇಳಿಯುತ್ತಾ ಇರುತ್ತದೆ. ಆದರೆ ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಜಾರುವ ನೆಲ, ಉಂಬಳ (ಜಿಗಣೆ), ಒದ್ದೆ ಬಟ್ಟೆ ಎಲ್ಲ ಸೇರಿ ದಿನ ಉದ್ದವಾಗುತ್ತದೆ. ಹೋಗಲೇಬೇಕು ಅಂದರೆ ಒಂದು ಪೊಟ್ಟಣ ಉಪ್ಪು, ಪ್ರತಿಯೊಬ್ಬರಿಗೂ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಳ್ಳಿ. ಹುಲ್ಲಿಗೆ ಕಾಲಿಡಬೇಡಿ.

ಮ್ಯೂಸಿಯಂ ಸಣ್ಣದು. ಸುಮ್ನೆ ನಡೆದುಕೊಂಡು ಹೋದರೆ ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. "ಇಷ್ಟೇನಾ?" ಅಂತ ಕೇಳುತ್ತಾ ಹೊರಗೆ ಬರುವವರನ್ನು ನೋಡಿದ್ದೇನೆ. ಅವರ ತಪ್ಪಲ್ಲ. ಮೊದಲೇ ಧಾರಾವಾಹಿಯ ಒಂದಾದರೂ ಕಂತು ನೋಡದೆ ಹೋದರೆ ಅಲ್ಲಿನ ಫೋಟೋ, ಶಿಲ್ಪಗಳು ಮಾತಾಡುವುದಿಲ್ಲ. ಹಿಂದಿನ ಭಾನುವಾರ ಮಕ್ಕಳ ಜೊತೆ ಕೂತು ಸ್ಟೇಷನ್ ಕಾಣುವ ಒಂದು ಕಂತು ನೋಡಿ. ಆಮೇಲೆ ಅಲ್ಲಿ ಹೋಗಿ ನಿಂತಾಗ ಧಾರಾವಾಹಿಯ ಹುಡುಗನನ್ನು ನೆನೆದು "ಸ್ವಾಮಿ ನಿಂತಿದ್ದು ಇಲ್ಲೇನಾ?" ಅಂತ ಅವರೇ ಜಾಗ ಹುಡುಕುತ್ತಾರೆ.

ನಾನು ಹೇಳುವ ಕ್ರಮ ಹೀಗೆ. ಮೊದಲು ಒಳಗೆ ಹೋಗಬೇಡಿ. ಹೊರಗೆ ನಿಂತು ಕಟ್ಟಡ ನೋಡಿ. ಮಾಡು ಎಷ್ಟು ಇಳಿಜಾರು, ಗೋಡೆ ಎಷ್ಟು ದಪ್ಪ, ಬಾಗಿಲು ಯಾವ ಕಡೆಗೆ. ನಮ್ಮ ಕಡೆಯ ಮಳೆಗೆ ತಕ್ಕ ಮನೆ ಹೇಗಿರುತ್ತದೋ ಸ್ಟೇಷನ್ನೂ ಹಾಗೇ ಇದೆ, ಅಲ್ವಾ? ಮಗಳು ಅಲ್ಲೇ ಕೂತು ಚಿತ್ರ ಬರೆದಳು. ಇಪ್ಪತ್ತು ನಿಮಿಷ ಬೇಕಾಯಿತು. ಚಿತ್ರ ಬರೆದ ಮೇಲೆ ಅವಳು ಒಳಗೆ ಹೋಗಿ ನೋಡಿದ ರೀತಿಯೇ ಬೇರೆ ಇತ್ತು. ಹಳೆಯ ಫೋಟೋದಲ್ಲಿರುವ ಕಂಬ, ಕಿಟಕಿಗಳನ್ನು ತನ್ನ ಚಿತ್ರದ ಜೊತೆ ಹೋಲಿಸಿ ನೋಡುತ್ತಿದ್ದಳು.

ಅಪ್ಪಯ್ಯ ಮಾತ್ರ ಒಳಗೆ ಜಾಸ್ತಿ ಹೊತ್ತು ಇರಲಿಲ್ಲ. ಹೊರಗೆ ಬೆಂಚಿನಲ್ಲಿ ಕೂತು ಮೊಮ್ಮಗನಿಗೆ ರೈಲ್ ಬಸ್ಸಿನ ಕಥೆ ಹೇಳುತ್ತಿದ್ದರು. ಮೀಟರ್ ಗೇಜಿನ ಕೊನೆಯ ವರ್ಷಗಳಲ್ಲಿ ಶಿವಮೊಗ್ಗ–ತಾಳಗುಪ್ಪ ನಡುವೆ ಬಸ್ಸಿನ ಹಾಗಿರುವ ಒಂದೇ ಬೋಗಿಯ ಗಾಡಿ ಓಡುತ್ತಿತ್ತಲ್ಲ, ಅದು. ಹಿರಿಯರನ್ನು ಕರೆದುಕೊಂಡು ಹೋಗಿ ಅಂತ ನಾನು ಹೇಳುವುದು ಇದಕ್ಕೇ. ಅವರನ್ನು ಅವಸರ ಮಾಡಬೇಡಿ. ಈ ಕಥೆ ಅಲ್ಲಿನ ಯಾವ ಬೋರ್ಡಿನಲ್ಲೂ ಬರೆದಿರಲಿಲ್ಲ.

ಇನ್ನು ಹಳಿಯ ವಿಷಯ. ಮ್ಯೂಸಿಯಂ ಪಕ್ಕದಲ್ಲೇ ನಿಜವಾದ ರೈಲು ಓಡಾಡುತ್ತದೆ. ಹಳಿಯ ಮೇಲೆ ನಿಂತು ಫೋಟೋ ತೆಗೆಯುವವರು ಯಾವಾಗಲೂ ಇರುತ್ತಾರೆ. ನೀವು ಹಾಗೆ ಮಾಡಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹಳಿಗೆ ಅಕ್ರಮವಾಗಿ ಇಳಿದರೆ 1,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದಂಡ ಹಾಗಿರಲಿ, ತಿರುವು ಮತ್ತು ಕಾಡು ಇರುವ ಈ ಜಾಗದಲ್ಲಿ ರೈಲು ಬರುವುದು ಕಾಣುವಷ್ಟರಲ್ಲಿ ಹತ್ತಿರ ಬಂದಿರುತ್ತದೆ. ಚಿಕ್ಕವರ ಕೈ ಹಿಡಿಯುವ ಕೆಲಸ ಯಾರದ್ದು ಅಂತ ಮನೆಯಿಂದ ಹೊರಡುವಾಗಲೇ ಗೊತ್ತು ಮಾಡಿಕೊಳ್ಳಿ. "ಎಲ್ಲರೂ ನೋಡಿಕೊಳ್ಳೋಣ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಊಟ ಮನೆಯಿಂದಲೇ ಇರಲಿ. ಚಿತ್ರಾನ್ನ, ಮಿಡಿ ಉಪ್ಪಿನಕಾಯಿ, ಒಂದು ಬಾಟಲಿ ಮಜ್ಜಿಗೆ. ಮಕ್ಕಳಿಗೆ ಇನ್ನೂ ಉತ್ಸಾಹ ಉಳಿದಿದ್ದರೆ ಶಿವಮೊಗ್ಗದವರು ವಾಪಸ್ ಹೋಗುವಾಗ ತ್ಯಾವರೆಕೊಪ್ಪದ ಹುಲಿ–ಸಿಂಹ ಧಾಮ ನೋಡಬಹುದು, ಅದು ಸಾಗರ ರಸ್ತೆಯಲ್ಲೇ ಇದೆ.

ಮೈಸೂರಿಗೆ ಟಿಕೆಟ್: ಇಲ್ಲಿ ಎಡವುವವರೇ ಜಾಸ್ತಿ

ಬುಕ್ಕಿಂಗ್ ಪ್ರಯಾಣದ ದಿನಕ್ಕೆ 60 ದಿನ ಮೊದಲು ಶುರುವಾಗುತ್ತದೆ. ರಜೆಯಲ್ಲಿ ಹೋಗುವವರು ಮೊದಲ ವಾರದಲ್ಲೇ ಮಾಡಿಬಿಡಿ.

ಸ್ಟೇಷನ್ ಹೆಸರು ನೋಡಿಕೊಳ್ಳಿ. ಶಿವಮೊಗ್ಗದಲ್ಲಿ ಎರಡು ಸ್ಟೇಷನ್ ಇವೆ. ಎಲ್ಲರೂ ಹೋಗುವ ದೊಡ್ಡ ಸ್ಟೇಷನ್ನಿನ ಹೆಸರು 'ಶಿವಮೊಗ್ಗ ಟೌನ್'. ಸಾಗರದ್ದು 'ಸಾಗರ ಜಂಬಗಾರು'. ಬರೀ ಸಾಗರ ಅಂತ ಹುಡುಕಿದರೆ ಉತ್ತರದ ಯಾವುದೋ ಊರು ಬರುತ್ತದೆ.

ದಾರಿಯೂ ಎರಡಿದೆ. ಅರಸೀಕೆರೆ ಆದ ಮೇಲೆ ಕೆಲವು ರೈಲು ಹಾಸನದ ಮೇಲೆ ಹೋಗುತ್ತವೆ, ಕೆಲವು ಬೆಂಗಳೂರಿನ ಮೇಲೆ. ಬೆಂಗಳೂರಿನ ಮೇಲೆ ಹೋಗುವುದು ಸುತ್ತು. ಆದರೆ ರಾತ್ರಿ ರೈಲಾದರೆ ಸುತ್ತಾದರೂ ತೊಂದರೆ ಇಲ್ಲ, ಮಲಗಿ ಏಳುವಷ್ಟರಲ್ಲಿ ಬೆಳಗಾಗಿರುತ್ತದೆ. ಹೋಗುವಾಗ ರಾತ್ರಿ ರೈಲು, ಬರುವಾಗ ಹಾಸನದ ಮೇಲೆ ಬರುವ ಹಗಲು ರೈಲು. ನನ್ನ ಆಯ್ಕೆ ಇದು.

ಮಕ್ಕಳ ಟಿಕೆಟ್ ಲೆಕ್ಕ: ಐದು ವರ್ಷ ತುಂಬದ ಮಗುವಿಗೆ ಬೇರೆ ಬರ್ತ್ ಬೇಡ ಅಂದರೆ ಟಿಕೆಟ್ಟೇ ಬೇಡ. ಐದರಿಂದ ಹನ್ನೆರಡರ ಒಳಗಿನವರಿಗೆ ಬರ್ತ್ ಬೇಡ ಅಂದರೆ ಅರ್ಧ ಟಿಕೆಟ್, ಬರ್ತ್ ಬೇಕು ಅಂದರೆ ಪೂರ್ತಿ. ರಾತ್ರಿ ಪ್ರಯಾಣಕ್ಕೆ ಪೂರ್ತಿ ಟಿಕೆಟ್ಟೇ ತೆಗೆದುಕೊಳ್ಳಿ. ನಾವು ಒಂದು ಸಲ ಉಳಿತಾಯ ಮಾಡಲು ಹೋಗಿ ಮಗನನ್ನು ನನ್ನ ಬರ್ತಿನಲ್ಲೇ ಮಲಗಿಸಿಕೊಂಡೆವು. ಬೆಳಿಗ್ಗೆ ಇಬ್ಬರಿಗೂ ನಿದ್ದೆ ಇಲ್ಲ, ಮ್ಯೂಸಿಯಮ್ಮಿನಲ್ಲಿ ಅವನು ಹನ್ನೊಂದು ಗಂಟೆಗೇ ಹೆಗಲ ಮೇಲೆ ನಿದ್ದೆ ಹೋದ.

ಮ್ಯೂಸಿಯಂಗೆ ವಾರದ ರಜೆ ಇರುತ್ತದೆ. ಸಮಯ, ಟಿಕೆಟ್ ದರ ಬದಲಾಗುತ್ತಾ ಇರುತ್ತವೆ. ಬುಕ್ ಮಾಡುವಾಗ ಒಂದು ಸಲ, ಹೊರಡುವ ಹಿಂದಿನ ದಿನ ಇನ್ನೊಂದು ಸಲ ಖಚಿತ ಮಾಡಿಕೊಳ್ಳಿ.

ಮೈಸೂರು ರೈಲು ಮ್ಯೂಸಿಯಂ: ಯಾವುದನ್ನು ಮೊದಲು ನೋಡಬೇಕು?

ಶುರುವಾದದ್ದು 1979ರಲ್ಲಿ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ ಆದ ಎರಡು ವರ್ಷಕ್ಕೆ. ಕೆಆರ್‌ಎಸ್ ರಸ್ತೆಯಲ್ಲಿ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರಿಗೆ. ಬೆಳಿಗ್ಗೆ ಇಳಿದವರು ಮುಖ ತೊಳೆದು, ನಿಧಾನಕ್ಕೆ ತಿಂಡಿ ತಿಂದು, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಬಿಸಿಲು ಏರಿದ ಮೇಲೆ ಹೊರಗಿರುವ ಇಂಜಿನ್‌ಗಳ ಕಬ್ಬಿಣ ಮುಟ್ಟಲಾಗದಷ್ಟು ಕಾಯುತ್ತದೆ.

ಒಳಗೆ ಹೋದ ಕೂಡಲೇ ಮಕ್ಕಳು ಕೇಳುವುದು ಪುಟಾಣಿ ರೈಲು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಕೂರಿಸಿದರೆ ಇನ್ನೊಂದು ಸುತ್ತು, ಮತ್ತೊಂದು ಸುತ್ತು ಅಂತ ಬೇರೇನೂ ನೋಡುವುದಿಲ್ಲ. ಮೂರ್ನಾಲ್ಕು ವರ್ಷದ ಮಗು ಇದ್ದರೆ ಮಾತ್ರ ಈ ನಿಯಮ ಬಿಟ್ಟುಬಿಡಿ, ಆ ವಯಸ್ಸಿಗೆ ಅದೇ ಮ್ಯೂಸಿಯಂ.

ಮೊದಲು ಉಗಿ ಇಂಜಿನ್. ಇಎಸ್ 506 ಅನ್ನುವ ಇಂಜಿನ್ ಹುಡುಕಿ. ಅದರ ಗಾಲಿ ಜೋಡಣೆ 4-6-2. ಅಂದರೆ ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು. ಮಕ್ಕಳು ಒಂದು ಪಕ್ಕದಿಂದ ಎಣಿಸಿ "ಎರಡು, ಮೂರು, ಒಂದು" ಅನ್ನುತ್ತಾರೆ. ಆ ಕಡೆಯೂ ಅಷ್ಟೇ ಇದೆಯಲ್ಲ ಅಂತ ಅವರಿಗೇ ಹೊಳೆಯಲಿ, ಹೇಳಬೇಡಿ.

ಉಗಿಯಿಂದ ಗಾಲಿ ಹೇಗೆ ತಿರುಗುತ್ತದೆ ಅಂತ ಕೇಳಿಯೇ ಕೇಳುತ್ತಾರೆ. ನಮ್ಮ ಕಡೆ ಮಕ್ಕಳಿಗೆ ಬಚ್ಚಲ ಹಂಡೆ ಗೊತ್ತು. ಅಲ್ಲಿಂದ ಶುರು ಮಾಡಿ. ಹಂಡೆಗೆ ಕೆಳಗಿನಿಂದ ಬೆಂಕಿ. ಇಂಜಿನ್ನಿನಲ್ಲಿ ಬೆಂಕಿ ಹಿಂದುಗಡೆ, ಡ್ರೈವರ್ ನಿಲ್ಲುವ ಜಾಗದ ಮುಂದೆ. ಆ ಬೆಂಕಿಯ ಬಿಸಿ ಹೊಗೆ ಹತ್ತಾರು ಕೊಳವೆಗಳಲ್ಲಿ ನೀರಿನ ನಡುವೆಯೇ ಹಾದು ಮುಂದಿನ ಚಿಮಣಿಗೆ ಹೋಗುತ್ತದೆ. ಕೊಳವೆ ಜಾಸ್ತಿ ಇದ್ದಷ್ಟೂ ನೀರು ಬೇಗ ಕಾಯುತ್ತದೆ. ಹಂಡೆಯ ಉಗಿ ಮೇಲೆ ಹಾರಿಹೋಗುತ್ತದೆ, ಇಲ್ಲಿ ಹೋಗಲು ಬಿಡುವುದಿಲ್ಲ. ಒತ್ತಡ ಏರಿದ ಉಗಿಯನ್ನು ಪಕ್ಕದ ಸಿಲಿಂಡರಿಗೆ ಬಿಡುತ್ತಾರೆ. ಅದು ಪಿಸ್ಟನ್ನನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತಳ್ಳುತ್ತದೆ. ಪಿಸ್ಟನ್ನಿಗೆ ಸೇರಿದ ಉದ್ದ ಸರಳು ಗಾಲಿಯನ್ನು ತಿರುಗಿಸುತ್ತದೆ. ಇಷ್ಟು ಹೇಳಿ ಸಿಲಿಂಡರಿನಿಂದ ಗಾಲಿಯವರೆಗೆ ಬೆರಳಿನಲ್ಲಿ ಗಾಳಿಯಲ್ಲೇ ಗೆರೆ ಎಳೆದು ತೋರಿಸಿ. ನಮ್ಮ ಮಗ ಆ ಸರಳಿನ ಹಾಗೆ ಮೊಣಕೈ ಆಡಿಸುತ್ತಾ ಇಡೀ ಮ್ಯೂಸಿಯಂ ಸುತ್ತಿದ.

ಆಮೇಲೆ ಶ್ರೀರಂಗ ಮಂಟಪ. ರಾಜಮನೆತನದ ಬೋಗಿಗಳು ಇಲ್ಲಿವೆ. ಮಹಾರಾಣಿಯವರ ಸಲೂನ್, ಅಂದರೆ ಅವರ ಖಾಸಗಿ ಬೋಗಿ, ನೋಡಿ: ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲ ಒಂದು ಬೋಗಿಯೊಳಗೆ. ಅದು 1899ರದ್ದು. ಇಲ್ಲಿ ನೋಟ್‌ಬುಕ್ ತೆಗೆಸಿ. ಶಿವಮೊಗ್ಗಕ್ಕೆ ರೈಲು ಬಂದ ವರ್ಷ! ಆಗ ಮೈಸೂರಿನ ಆಡಳಿತ ನಡೆಸುತ್ತಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ, ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರು. ಮಗಳು ಒಂದು ನಿಮಿಷ ಸುಮ್ಮನೆ ನಿಂತು, "ಹಾಗಾದ್ರೆ ಇದು ಹೊಸದಾಗಿದ್ದಾಗ ನಮ್ಮೂರಿಗೆ ಇನ್ನೂ ರೈಲೇ ಇರ್ಲಿಲ್ಲ" ಅಂದಳು. ಸರಿಯಾದ ಮಾತು. ಸಾಗರಕ್ಕೆ ರೈಲು ಬರಲು ಇನ್ನೂ ಸುಮಾರು ನಲವತ್ತು ವರ್ಷ ಕಾಯಬೇಕಿತ್ತು.

ಹೊರಗೆ ಆಸ್ಟಿನ್ ಕಾರು ಇದೆ. ಹಳಿಯ ಮೇಲೆ ಓಡುವ ಕಾರು! ಮಕ್ಕಳಿಗೆ ಇಂಜಿನ್‌ಗಿಂತ ಇದೇ ಜಾಸ್ತಿ ಇಷ್ಟ ಆಗುವುದು. ಟೈರು ಇರಬೇಕಾದ ಜಾಗದಲ್ಲಿ ಏನಿದೆ, ಆ ಗಾಲಿಯ ಒಳ ಅಂಚು ಯಾಕೆ ಎತ್ತರ ಇದೆ ಅಂತ ಕೇಳಿ. ಗಾಲಿ ಹಳಿ ಬಿಟ್ಟು ಹೊರಗೆ ಹೋಗದಂತೆ ತಡೆಯುವುದು ಆ ಅಂಚೇ.

ಸಿಗ್ನಲ್, ದೀಪ, ಹಳೆಯ ಟೆಲಿಫೋನ್‌ಗಳನ್ನು ಬೇಗ ದಾಟಬೇಡಿ. ಕೈ ಇರುವ ಹಳೆಯ ಸಿಗ್ನಲ್ ಕಂಡರೆ ಒಂದೇ ನಿಯಮ ಹೇಳಿ. ಕೈ ಅಡ್ಡವಾಗಿ ನೇರ ಇದ್ದರೆ ನಿಲ್ಲು, ಓರೆಯಾದರೆ ಹೋಗು. ಮಕ್ಕಳು ತಮ್ಮ ಕೈಯನ್ನೇ ಸಿಗ್ನಲ್ ಮಾಡಿಕೊಂಡು ಒಬ್ಬರನ್ನೊಬ್ಬರು ನಿಲ್ಲಿಸುತ್ತಾ ಆಡುತ್ತಾರೆ. ಒಂಟಿ ಹಳಿಯಲ್ಲಿ ಎರಡು ರೈಲು ಎದುರುಬದುರು ಬರದಂತೆ ಹೇಗೆ ನೋಡಿಕೊಳ್ಳುತ್ತಿದ್ದರು ಅನ್ನುವುದನ್ನೂ ಇಲ್ಲೇ ಹೇಳಬಹುದು. ಎರಡು ಸ್ಟೇಷನ್ನಿನ ಮೆಷಿನ್‌ಗಳು ತಂತಿಯಿಂದ ಜೋಡಿಯಾಗಿರುತ್ತಿದ್ದವು. ಒಂದು ಕಬ್ಬಿಣದ ಚೆಂಡು ಹೊರಗೆ ಬಂದ ಮೇಲೆ ಅದು ವಾಪಸ್ ಒಳಗೆ ಹೋಗುವವರೆಗೆ ಎರಡನೇದು ಬರುತ್ತಿರಲಿಲ್ಲ. ಆ ಚೆಂಡನ್ನು ಚೀಲದಲ್ಲಿ ಹಾಕಿ, ದೊಡ್ಡ ಬಳೆಗೆ ಕಟ್ಟಿ ಡ್ರೈವರಿಗೆ ಕೊಡುತ್ತಿದ್ದರು. ಅದು ಕೈಯಲ್ಲಿ ಇಲ್ಲದೆ ರೈಲು ಮುಂದೆ ಹೋಗುವ ಹಾಗಿರಲಿಲ್ಲ.

ಚಾಮುಂಡಿ ಗ್ಯಾಲರಿಯ ಫೋಟೋ, ಚಿತ್ರಗಳು ದೊಡ್ಡವರಿಗೆ. ಒಬ್ಬರು ನೋಡುವಾಗ ಇನ್ನೊಬ್ಬರು ಮಕ್ಕಳನ್ನು ಪುಟಾಣಿ ರೈಲಿಗೆ ಕರೆದುಕೊಂಡು ಹೋಗಿ. ಎಲ್ಲ ಸೇರಿ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಹಿರಿಯರಿಗೆ ಬೋಗಿಯ ಮೆಟ್ಟಿಲು ಎತ್ತರ ಅನ್ನಿಸಬಹುದು, ಎಲ್ಲವನ್ನೂ ಹತ್ತಿಸಬೇಡಿ.

ಮಧ್ಯಾಹ್ನ ಊಟ ಮುಗಿಸಿ ಯಾದವಗಿರಿಗೆ ಹೋಗಿ, ಹತ್ತಿರವೇ ಇದೆ. ಆರ್.ಕೆ. ನಾರಾಯಣ್ ಇದ್ದ ಮನೆಯನ್ನು ಉಳಿಸಿಕೊಂಡು 2016ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಅರಸಾಳಿನಲ್ಲಿ ನೋಡಿದ ಮಾಲ್ಗುಡಿಯ ಕಥೆ ಬರೆದವರ ಮನೆ ಇದು ಅಂತ ಬಾಗಿಲಲ್ಲೇ ಹೇಳಿ. ನಮ್ಮ ಮಗಳು ಅಲ್ಲಿ ತನ್ನ ಅರಸಾಳಿನ ಚಿತ್ರವನ್ನು ಮತ್ತೆ ತೆಗೆದು ನೋಡಿಕೊಂಡಳು.

ಅವತ್ತೇ ವಾಪಸ್ ಹೊರಡಬೇಡಿ. ರಾತ್ರಿ ಮೈಸೂರಿನಲ್ಲಿ ಉಳಿದು ಮರುದಿನ ಹಗಲು ರೈಲು ಹಿಡಿಯಿರಿ. ಶಿವಮೊಗ್ಗದವರು ಟೌನ್ ಸ್ಟೇಷನ್ನಿನಲ್ಲಿ ಇಳಿದುಕೊಳ್ಳುತ್ತಾರೆ. ಸಾಗರದ ಕಡೆಯವರು ಕುಂಸಿ ದಾಟಿದ ಮೇಲೆ ಮಲಗಿದ ಮಕ್ಕಳನ್ನು ಎಬ್ಬಿಸಿ ಕಿಟಕಿಗೆ ಕೂರಿಸಿ. ಎರಡೂ ಕಡೆ ಕಾಡು ಶುರುವಾಗುತ್ತದೆ. ಹಳೆಯ ಸ್ಟೇಷನ್ ಕಂಡ ಕೂಡಲೇ "ಅರಸಾಳು!" ಅಂತ ಯಾರು ಮೊದಲು ಕೂಗುತ್ತಾರೆ ಅಂತ ಪಂದ್ಯ ಇಟ್ಟುಕೊಳ್ಳಿ. ನಮ್ಮ ಬೋಗಿಯಲ್ಲಿ ಗೆದ್ದವರು ಅಪ್ಪಯ್ಯ.